ಟಿಂಕರ್ ಇನಾಸ ಪೊರ್ಬುಗಳೂ ಹೆರಿಯನ ಮದುವೆ ಕಾರೂ

ಹಿಂದೆ, ಬಹಳ ಹಿಂದೆ, ಹೊಳೆ ಹೋಗಿ ಕಡಲು ಸೇರುವಲ್ಲಿ ಒಂದು ಊರು. ಕಡವಿನಬೈಲು ಅಂತ ಹೆಸರು. ಎಷ್ಟು ಹಿಂದೆ ಅಂತ ಕೇಳಬೇಡಿ ಮಾರಾಯ್ರೆ, ಹೇಳಿದವರೇ ಹೇಳಲಿಲ್ಲ. ಮನೆಗೊಂದು ಕಾರು ಇರದ ಕಾಲ. ಊರಿಗೊಂದು ಕಾರಿದ್ದರೆ ಊರಿನವರೆಲ್ಲ ಅದು ತಮ್ಮದೇ ಅನ್ನುವ ಹಾಗೆ ಬೀಗುತ್ತಿದ್ದ ಕಾಲ. ಅಷ್ಟು ಗೊತ್ತಿದ್ದರೆ ಸಾಕು.

ಆ ಊರಿನಲ್ಲಿ ಕಬ್ಬಿಣಕ್ಕೆ ಆಯುಷ್ಯ ಇರಲಿಲ್ಲ. ಕಡಲ ಗಾಳಿ ಬೀಸಿ ಬೀಸಿ ಬಾಗಿಲ ಚಿಲಕ, ಬಾವಿಯ ರಾಟೆ, ಸೈಕಲ್ಲಿನ ಚೈನು, ಯಾವುದನ್ನೂ ಬಿಡುತ್ತಿರಲಿಲ್ಲ. ಎರಡು ಮಳೆಗಾಲ ಕಳೆಯಿತೋ, ತುಕ್ಕು. ಅಂಥ ಊರಿನಲ್ಲಿ ಇನಾಸ ಪೊರ್ಬು ಅಂತ ಒಬ್ಬರು ಇದ್ದರಂತೆ. ಕ್ರಿಸ್ತರನ್ನು ಆ ಕಡೆ ಪೊರ್ಬುಗಳು ಅಂತಲೇ ಕರೆಯುವುದು. ಇಗರ್ಜಿಯ ಹಿಂದೆ ತೆಂಗಿನ ಗರಿಯ ಒಂದು ಚಪ್ಪರ. ಚಪ್ಪರದಡಿ ಗ್ಯಾಸ್ ವೆಲ್ಡಿಂಗಿನ ಸಾಮಾನು, ಒಂದು ಮರದ ಕೊಡತಿ, ನಾಲ್ಕಾರು ಸುತ್ತಿಗೆ. ಕಾರು, ಜೀಪುಗಳ ಮೈ ರಿಪೇರಿ ಮಾಡುವ ಟಿಂಕರ್ ಕೆಲಸ ಅವರದ್ದು.

ಅವರ ಬಗ್ಗೆ ಜನ ಹೇಳುವುದನ್ನೆಲ್ಲ ನಂಬಲೇಬೇಕು ಅಂತೇನಿಲ್ಲ. ಆದರೆ ಕೇಳಿ. ಕಣ್ಣು ಮುಚ್ಚಿಕೊಂಡು ಬೆರಳ ಗೆಣ್ಣಿನಿಂದ ಕಾರಿನ ಮೈ ಕುಟ್ಟಿದರೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಹೇಳಿಬಿಡುತ್ತಿದ್ದರಂತೆ. ಎಣ್ಣೆ ಡಬ್ಬಿಯ ತಗಡು ಬಡಿದು ಜೀಪಿಗೊಂದು ಬಾಗಿಲು ಮಾಡಿದರಂತೆ, ಅದರ ಪಕ್ಕದಲ್ಲಿ ಕಂಪೆನಿಯ ಬಾಗಿಲೇ ಬಾಡಿಗೆಗೆ ತಂದದ್ದರ ಹಾಗೆ ಕಾಣುತ್ತಿತ್ತಂತೆ. ಅವರು ತೇಪೆ ಹಾಕಿದ ಒಂದು ವ್ಯಾನು ಗುಜರಿಗೆ ಹೋಗಿ, ಮಳೆಗೆ ನೆಂದು, ಮಣ್ಣಾಗಿ, ಕಡೆಗೆ ಆ ತೇಪೆಯೊಂದೇ ಉಳಿಯಿತಂತೆ. ಅದನ್ನು ಯಾರೋ ಕೋಳಿಗೂಡಿನ ಮಾಡಿಗೆ ಹೊದಿಸಿದರಂತೆ. ನಗಬೇಡಿ. ಆ ಕೋಳಿಗೂಡು ಕಂಡವರು ಇದ್ದಾರೆ ಅಂತಾರೆ.

ಪೊರ್ಬುಗಳದ್ದು ಒಂದೇ ಹಠ. ತುಕ್ಕು ಹಿಡಿದ ಗಾಡಿ ಬಂದರೆ ಸುತ್ತಿಗೆ ಮುಟ್ಟುವ ಮೊದಲು ಯಜಮಾನನನ್ನು ಒಂದು ಮಾತು ಕೇಳುತ್ತಿದ್ದರು: ನೀರು ಎಲ್ಲಿಂದ ಬಂತು? ಕೆಳಗಿನಿಂದ, ಅಂದರೆ ರಸ್ತೆಯ ಕೆಸರಿನಿಂದ ಬಂದಿದ್ದರೆ ಕೆಳಗಿನಿಂದ ಕೊಯ್ಯಬೇಕು. ಗಾಡಿಯ ಒಳಗಿನಿಂದಲೇ ಇಳಿದಿದ್ದರೆ ಒಳಗಿನಿಂದ ಬಿಚ್ಚಬೇಕು. ಆ ಕಡೆಯ ನೀರಿಗೆ ಈ ಕಡೆಯಿಂದ ತೇಪೆ ಹಾಕಿದರೆ ಮಾಡಿದ್ದೆಲ್ಲ ದಂಡ. ಉತ್ತರ ಸಿಕ್ಕಮೇಲೆ ಕೊಳೆತದ್ದನ್ನು ಕೊಯ್ದು, ಆ ತುಂಡನ್ನು ಯಜಮಾನನ ಕೈಗೇ ಕೊಡುತ್ತಿದ್ದರು. ಹಿಡ್ಕೊ ಅನ್ನುತ್ತಿದ್ದರು, ಬೇರೆ ಮಾತಿಲ್ಲ. ಸ್ವಲ್ಪ ಪುಟ್ಟಿ ಮೆತ್ತಿ ಬಣ್ಣ ಬಳಿದು ಕಳಿಸಿ ಅಂದವರನ್ನು ಚಪ್ಪರದಿಂದ ಎಬ್ಬಿಸಿ ಕಳಿಸುತ್ತಿದ್ದರಂತೆ, ಅವರು ಎಷ್ಟೇ ದೊಡ್ಡವರಿರಲಿ.

ಈಗ ಹೆರಿಯನ ಸಂಗತಿಗೆ ಬರುವ.

ಹೆರಿಯ ಮೀನುಗಾರರ ಕೇರಿಯವನು. ಅಪ್ಪ ಬಲೆ ಎಳೆದು ಎಳೆದು ಹೋದ. ಹೆರಿಯ ದೋಣಿ ಹತ್ತಲಿಲ್ಲ. ಲಾರಿಯ ಕ್ಲೀನರ್ ಆದ, ಡ್ರೈವರ್ ಆದ, ಕಡೆಗೆ ದೊಡ್ಡ ಹೊಟ್ಟೆಯ ಒಂದು ಹಳೇ ಬಿಳಿ ಕಾರನ್ನು ತನ್ನದು ಮಾಡಿಕೊಂಡ. ಆ ಕಾರನ್ನು ಅವನು ನೋಡಿಕೊಂಡ ರೀತಿ! ದಿನಾ ಬೆಳಿಗ್ಗೆ ಸಿಹಿನೀರಿನ ಬಾವಿಯಿಂದಲೇ ನೀರು ಸೇದಿ ತೊಳೆಯುವುದು, ಸೀಟಿಗೆ ಬಿಳಿ ಬಟ್ಟೆಯ ಹೊದಿಕೆ, ಗಾಜಿನ ಮುಂದೆ ಮಲ್ಲಿಗೆ ಮಾಲೆಯ ಒಂದು ಅಟ್ಟಿ. ನೋಡುತ್ತ ನೋಡುತ್ತ ಅದು ಹತ್ತೂರಿಗೆ ಮದುವೆ ಕಾರಾಯಿತು. ಈರುಳ್ಳಿಯನ್ನೂ ಒಳಗೆ ತರದ ಮನೆಗಳ ಮದುವಣಗಿತ್ತಿಯರು ಆ ಕಾರಿನಲ್ಲೇ ಗಂಡನ ಮನೆಗೆ ಹೋದರು. ನನ್ನ ಗಾಡಿ ಮೀನಿನ ಮುಖ ಕಂಡದ್ದಿಲ್ಲ ಅಂತ ಹೆರಿಯ ಎದೆ ಮುಟ್ಟಿ ಹೇಳುತ್ತಿದ್ದನಂತೆ. ಜನ ನಂಬಿದರು. ಹೆರಿಯಾ ಅನ್ನುತ್ತಿದ್ದವರು ಹೆರಿಯಣ್ಣ ಅನ್ನತೊಡಗಿದರು.

ಆದರೆ ಅವನ ಅಬ್ಬಿ, ಅಂದರೆ ತಾಯಿ, ಬಚ್ಚಿ, ಮೀನು ಮಾರುವವಳು. ಕಡಲ ಕರೆಯಲ್ಲಿ, ದೋಣಿ ಬಂದು ನಿಲ್ಲುವಲ್ಲಿ, ಮೀನು ಕೊಂಡು, ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟು ಆರು ಮೈಲಿ ಪೇಟೆಗೆ ನಡೆಯುವವಳು. ಬಿಡು ಅಂದರೆ ಬಿಡಲಿಲ್ಲ. ಕೂತರೆ ಕೈಕಾಲು ಮರಗಟ್ಟುತ್ತದೆ ಅನ್ನುತ್ತಿದ್ದಳು. ನಡೆದು ನಡೆದು ಅವಳ ಬಲಗಾಲಿನ ಮಂಡಿ ಹೋಯಿತು. ಇಳಿಜಾರಿನಲ್ಲಿ ಕಾಲೆಳೆಯುತ್ತ ಹೋಗುವುದನ್ನು ಹೆರಿಯ ಒಂದು ದಿನ ಕಂಡ. ಏನೇ ಅನ್ನಿ, ಹೆತ್ತವಳು. ಮಾರನೆಯ ದಿನದಿಂದ, ಬೆಳಕು ಹರಿಯುವಾಗ, ಕೇರಿಯವರು ಏಳುವ ಮೊದಲು, ಅವಳ ಬುಟ್ಟಿಯನ್ನು ಡಿಕ್ಕಿಯಲ್ಲಿಟ್ಟು ಅವಳನ್ನು ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಕೂರಿಸಿ ಕರೆದುಕೊಂಡು ಹೋಗತೊಡಗಿದ. ಪೇಟೆಗೆ ಒಂದು ಕೂಗಳತೆ ದೂರದಲ್ಲಿ, ಗೋಳಿಮರದ ಹಿಂದೆ ನಿಲ್ಲಿಸಿ ಇಳಿಸುತ್ತಿದ್ದ. ಅಲ್ಲಿಂದ ಅವಳು ಬುಟ್ಟಿ ಹೊತ್ತು ನಡೆಯುತ್ತಿದ್ದಳು. ಅವನು ಕಾರು ಬಿಟ್ಟುಕೊಂಡು ಅವಳನ್ನು ದಾಟಿ ಹೋಗುತ್ತಿದ್ದ. ಇಬ್ಬರೂ ಮುಖ ನೋಡುತ್ತಿರಲಿಲ್ಲ. ಹೀಗೆ ಐದು ವರ್ಷ.

ಒಮ್ಮೆ ಏನಾಯಿತು ಗೊತ್ತುಂಟಾ? ಮದುಮಗಳನ್ನು ಕೂರಿಸಿಕೊಂಡು ಹೆರಿಯ ಪೇಟೆ ಬೀದಿಯಲ್ಲಿ ಬರುತ್ತಿದ್ದ. ದಿಬ್ಬಣದ ಜನ ಅಡ್ಡ ಬಂದು ಕಾರು ನಿಂತಿತು. ಬೀದಿ ಬದಿಯಲ್ಲಿ ಬಚ್ಚಿ. ಮಲ್ಲಿಗೆ ಮುಡಿದ ಕಾರು, ಒಳಗೆ ಬಂಗಾರದ ಮದುಮಗಳು, ಮುಂದೆ ತನ್ನ ಮಗ. ಮುದುಕಿಗೆ ಮೈಮರೆಯಿತು. ಕೈ ಎತ್ತಿ ಬೀಸಿಬಿಟ್ಟಳು. ಹಿಂದೆ ಕೂತ ಒಬ್ಬ ಹೆಂಗಸು, ಯಾರು ಹೆರಿಯಣ್ಣ ಅದು, ನಿಮ್ಮನ್ನೇ ಕರೆದ ಹಾಗಿತ್ತಲ್ಲ ಅಂದಳು. ಹೆರಿಯ ಹೇಳಿದ, ಯಾರೋ ಮೀನಿನ ಹೆಂಗಸು. ಗಾಜು ಇಳಿಸಿತ್ತು. ಅದು ಬಚ್ಚಿಯ ಕಿವಿಗೆ ಬಿತ್ತು. ಎತ್ತಿದ ಕೈಯನ್ನು ಅವಳು ಹಾಗೇ ತಲೆಗೆ ಒಯ್ದು, ಕೂದಲು ಸರಿಮಾಡಿಕೊಳ್ಳುವವಳ ಹಾಗೆ ಮಾಡಿದಳಂತೆ.

ಆ ದಿನ ರಾತ್ರಿ ಹೆರಿಯ ಉಣ್ಣಲು ಕೂತ. ಅಬ್ಬಿ ಏನಾದರೂ ಅಂದಾಳು ಅಂತ ಕಾದ. ಅವಳು ಬಂಗುಡೆಯ ನಡುತುಂಡನ್ನು ಅವನ ಬಟ್ಟಲಿಗೆ ಹಾಕಿದಳು. ಬೈದಿದ್ದರೆ ಬದುಕುತ್ತಿದ್ದೆ ಅಂತ ಅವನಿಗೆ ಅನಿಸಿತು. ಆದರೂ ಮಾರನೆಯ ಬೆಳಿಗ್ಗೆ ಅದೇ ಗೋಳಿಮರ, ಅದೇ ಇಳಿಸುವುದು.

ಇನ್ನು ತುಕ್ಕಿನ ಮಾತು. ಬೀಡು ಅಂದರೆ ಆ ಸೀಮೆಯ ದೊಡ್ಡಮನೆ, ಅದೂ ಈರುಳ್ಳಿ ತರದ ಮನೆಯೇ; ಅಲ್ಲಿನ ಹೆಗ್ಗಡೆಯವರ ಕಿರಿಮಗಳ ಮದುವೆ ಗೊತ್ತಾಗಿತ್ತು. ಬೀಡಿನ ಮದುವೆ ಅಂದರೆ ಸಾಮಾನ್ಯವೇ? ಹೆರಿಯನ ಕಾರೇ ಬೇಕು ಅಂತ ಬೀಡಿನಿಂದ ಹೇಳಿಕಳಿಸಿದರು. ಇನ್ನೊಂದು ತಿಂಗಳು ಇತ್ತು. ಕಾರು ತೊಳೆಯುವಾಗ ಹಿಂದಿನ ಎಡಗಡೆ ಚಕ್ರದ ಮೇಲಿನ ಕಮಾನಿನಲ್ಲಿ, ಮಡ್‌ಗಾರ್ಡು ಅಂತಾರಲ್ಲ, ಅಲ್ಲಿ ಬಣ್ಣ ಗುಳ್ಳೆ ಎದ್ದದ್ದು ಕಂಡಿತು. ಹೆಬ್ಬೆರಳಿನಿಂದ ಒತ್ತಿ ನೋಡಿದ. ಬೆರಳು ನೇರ ಒಳಗೆ ಹೋಯಿತು. ಒದ್ದೆ ಹಪ್ಪಳದ ಹಾಗಾಗಿತ್ತು ತಗಡು.

ಓಡಿದ ಪೊರ್ಬುಗಳ ಚಪ್ಪರಕ್ಕೆ. ಪೊರ್ಬುಗಳು ಕುಕ್ಕರಗಾಲಿನಲ್ಲಿ ಕೂತು, ಕಮಾನಿನ ಒಳಗೆ ಕೈ ಹಾಕಿ ತಡವಿ, ಅದೇ ಮಾತು ಕೇಳಿದರು.

"ನೀರು ಎಲ್ಲಿಂದ ಬಂತು ಹೆರಿಯಾ?"

ಹೆರಿಯನಿಗೆ ಗೊತ್ತಿತ್ತು. ಡಿಕ್ಕಿಯ ಮೂಲೆಯ ಅಡಿಯಲ್ಲೇ ಆ ಕಮಾನು, ಮೂಲೆಯಲ್ಲೇ ಅಬ್ಬಿಯ ಬುಟ್ಟಿ, ಬುಟ್ಟಿಯಿಂದ ತೊಟ್ಟಿಕ್ಕುವ ಉಪ್ಪುನೀರು. ಗೊತ್ತಿಲ್ಲದೆ ಏನು? ಆದರೆ ಬಾಯಿ ಬೇರೆ ಹೇಳಿತು: ಉಬ್ಬರದ ಹೊತ್ತಿನಲ್ಲಿ ಅಳಿವೆಯ ಹತ್ತಿರ ಗಾಡಿ ದಾಟಿಸಿದ್ದೆ ಪೊರ್ಬುಗಳೇ, ಕೆಳಗಿನಿಂದ ಬಂತು. ಪೊರ್ಬುಗಳು ಅವನ ಮುಖ ನೋಡಿದರು. ಹೌದಾ ಅಂದರು. ಕೆಳಗಿನಿಂದ ಕೊಯ್ದರು, ತುಂಡನ್ನು ಅವನ ಕೈಗೆ ಕೊಟ್ಟರು, ಹೊಸ ತಗಡು ಬಡಿದು ಕಮಾನಿನ ಬಾಗಿಗೆ ಕೂರಿಸಿ ಬೆಸೆದರು, ತುಕ್ಕು ತಡೆಯುವ ಕೆಂಪು ಬಣ್ಣದ ಮೇಲೆ ಬಿಳಿ ಬಣ್ಣ ಹೊಡೆದರು. ಎಲ್ಲಿ ತೇಪೆ ಅಂತ ಹುಡುಕಿದರೂ ಸಿಗದ ಕೆಲಸ.

ಹನ್ನೆರಡನೆಯ ದಿನಕ್ಕೆ ಗುಳ್ಳೆ ಎದ್ದಿತು.

ಪೊರ್ಬುಗಳ ತೇಪೆ ಬಿಟ್ಟದ್ದು ಯಾರೂ ಕೇಳಿಯೇ ಇರಲಿಲ್ಲ. ಸುಳ್ಳು ಹೇಳಿದರೆ ಅವರ ಬೆಸುಗೆ ನಿಲ್ಲುವುದಿಲ್ಲ, ಅದಕ್ಕೆ ಅವರ ದೇವರ ಶಕ್ತಿ ಇತ್ತು ಅಂತ ಕೆಲವರು ಹೇಳುತ್ತಾರೆ. ಶಕ್ತಿಯೋ ಉಪ್ಪೋ, ನೀವೇ ನೋಡಿಕೊಳ್ಳಿ. ಹೆರಿಯ ಎರಡನೆಯ ಸಲ ಹೋದ. ಪೊರ್ಬುಗಳು ಎರಡನೆಯ ಸಲ ಕೇಳಿದರು. ಈ ಸಲ ಅವನು, ಯಾರೋ ಉಪ್ಪುನೀರಿನ ಬಾವಿಯ ನೀರಲ್ಲಿ ಗಾಡಿ ತೊಳೆದುಬಿಟ್ಟರು ಅಂದ. ಪೊರ್ಬುಗಳು ಮತ್ತೆ ಕೆಳಗಿನಿಂದಲೇ ಕೊಯ್ದರು. ಆ ಸಲದ ತುಂಡು ದೊಡ್ಡದಿತ್ತು. ಅದನ್ನೂ ಹೆರಿಯ ಕೈಯೊಡ್ಡಿ ಹಿಡಿದುಕೊಂಡ.

ಮನೆಗೆ ಹೋಗಿ ಅಬ್ಬಿಗೆ ಹೇಳಿದ, ಮದುವೆ ಮುಗಿಯುವವರೆಗೆ ನಡೆದುಕೊಂಡು ಹೋಗು, ಗಾಡಿಗೆ ತುಕ್ಕು ಹಿಡಿದಿದೆ ಅಂತ. ಯಾಕೆ ಅಂತ ಬಚ್ಚಿ ಕೇಳಲಿಲ್ಲ. ಅಯ್ಯೋ, ನನ್ನಿಂದ ಹಾಳಾಯ್ತಾ ಮಗಾ ಅಂದಳು, ಅಷ್ಟೇ. ಮಾರನೆಯ ದಿನದಿಂದ ಬುಟ್ಟಿ ಹೊತ್ತು ಆರು ಮೈಲಿ. ಹೆರಿಯ ಖಾಲಿ ಕಾರು ಓಡಿಸಿಕೊಂಡು ಅವಳನ್ನು ದಾಟಿ ಹೋಗುವಾಗ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಕೊಳ್ಳುತ್ತಿದ್ದ, ಅವಳ ಕಾಲು ಕಾಣಬಾರದು ಅಂತ. ಇಷ್ಟೆಲ್ಲ ಮಾಡಿದರೂ, ಮದುವೆಗೆ ಮೂರು ದಿನ ಇರುವಾಗ, ತೇಪೆಯ ಅಂಚು ಬಿಟ್ಟುಕೊಂಡು ಚಕ್ರಕ್ಕೆ ಕೆರೆಯತೊಡಗಿತು.

ಮೂರನೆಯ ಸಲ ಅವನು ಚಪ್ಪರಕ್ಕೆ ಹೋದಾಗ ಅಲ್ಲಿ ನಾಲ್ಕು ಜನ ಇದ್ದರು. ಅವರಲ್ಲಿ ಒಬ್ಬರು ಬೀಡಿನ ಪಾರುಪತ್ಯ ನೋಡಿಕೊಳ್ಳುವ ಧರಣಪ್ಪನವರು. ಮದುವೆ ಕಾರು ಪದೇ ಪದೇ ಟಿಂಕರ್ ಹತ್ತಿರ ನಿಲ್ಲುತ್ತದಂತೆ, ಏನು ಕಥೆ ಅಂತ ನೋಡಿಬರಲು ಹೆಗ್ಗಡೆಯವರೇ ಕಳಿಸಿದ್ದರು. ಅವರು ಕೊಡೆ ಊರಿಕೊಂಡು ಬೆಂಚಿನ ಮೇಲೆ ಕೂತಿದ್ದರು.

ಪೊರ್ಬುಗಳು ಈ ಸಲ ಕೆಳಗೆ ಬಗ್ಗಲಿಲ್ಲ. ಸೀದಾ ಹೋಗಿ ಡಿಕ್ಕಿ ತೆಗೆದರು. ಹೆರಿಯ ದಿನಾ ಫಿನಾಯಿಲ್ ಹಾಕಿ ಒರೆಸುತ್ತಿದ್ದ ರಬ್ಬರ್ ಹಾಸನ್ನು ಎತ್ತಿದರು. ಎಡಮೂಲೆಯಲ್ಲಿ, ಕಮಾನಿನ ಮೇಲೆ ತಗಡು ಮಡಚಿಕೊಳ್ಳುವ ಸಂದಿನಲ್ಲಿ, ಬೂತಾಯಿ ಮೀನಿನ ಹುರುಪೆ ಮಿನುಗುತ್ತಿತ್ತು. ಒಂದೆರಡಲ್ಲ, ಐದು ವರ್ಷದ್ದು. ಪೊರ್ಬುಗಳು ತಮ್ಮ ಬೆನ್ನು ಅಡ್ಡ ಮಾಡಿ ನಿಂತರು, ಬೆಂಚಿನ ಮೇಲಿನವರಿಗೆ ಕಾಣದ ಹಾಗೆ. ಆಮೇಲೆ ಸಂದಿನೊಳಗೆ ಬೆರಳು ಹಾಕಿ ಏನನ್ನೋ ಎಳೆದರು.

ಬಟ್ಟೆ. ನೀಟಾಗಿ ನಾಲ್ಕು ಮಡಿಕೆ ಮಾಡಿದ ಬಟ್ಟೆಯ ತುಂಡು, ಉಪ್ಪು ಕಟ್ಟಿ ಹಲಗೆಯ ಹಾಗಾಗಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಮಗನ ಗಾಡಿ ಹಾಳಾಗಬಾರದು ಅಂತ, ಬುಟ್ಟಿಯಿಂದ ಇಳಿಯುವ ನೀರು ಕುಡಿಯಲಿ ಅಂತ, ಬಚ್ಚಿ ಬುಟ್ಟಿ ಇಳಿಸುವಾಗ ಆಗಾಗ ಸಂದಿಗೆ ಬಟ್ಟೆ ತುರುಕಿದ್ದಳು. ಪಾಪದ ಹೆಂಗಸು, ಅವಳಿಗೇನು ಗೊತ್ತು? ಹರಿದು ಹೋಗಬೇಕಾದ ಉಪ್ಪುನೀರನ್ನು ಆ ಬಟ್ಟೆಯೇ ಹಿಡಿದಿಟ್ಟುಕೊಂಡು ಮಳೆಯಲ್ಲೂ ಬಿಸಿಲಲ್ಲೂ ತಗಡಿಗೆ ಕುಡಿಸಿತ್ತು. ಅವಳು ನಡೆದುಕೊಂಡು ಹೋದ ದಿನಗಳಲ್ಲೂ ಕುಡಿಸಿತ್ತು.

ಪೊರ್ಬುಗಳು ಆ ತುಂಡುಗಳನ್ನು ಹೆರಿಯನ ಕೈಗೆ ಕೊಟ್ಟರು. ಕೊಯ್ದ ತುಕ್ಕನ್ನು ಕೊಡುವ ಹಾಗೇ, ಹಿಡ್ಕೊ ಅಂದರು. ಹೆರಿಯ ನೋಡಿದ. ಹಳದಿ ಅಂಚು. ಕಾರು ತಂದ ವರ್ಷ ತಾನೇ ಅವಳಿಗೆ ತಂದುಕೊಟ್ಟ ಸೀರೆ. ಅದನ್ನು ಅವಳು ಉಟ್ಟದ್ದು ಯಾಕೆ ಕಾಣಲಿಲ್ಲ ಅಂತ ಅವನು ಒಂದು ದಿನವೂ ಕೇಳಿರಲಿಲ್ಲ. ಮನೆಯಲ್ಲಿದ್ದ ಹಳೇ ಸೀರೆಗಳಿಗೆಲ್ಲ ಮೀನಿನ ವಾಸನೆ ಅಂತ, ವಾಸನೆ ಇಲ್ಲದ ಒಂದೇ ಸೀರೆಯನ್ನು ಅವನ ಕಾರಿಗೆ ಹರಿದು ಹಾಕಿದ್ದಳು.

ಪೊರ್ಬುಗಳು ದನಿ ತಗ್ಗಿಸಿ ಕೇಳಿದರು. "ಕಡೇ ಸಲ ಕೇಳ್ತೇನೆ. ನೀರು ಎಲ್ಲಿಂದ?"

ಇಲ್ಲಿ ಒಂದು ಮಾತು ಗಮನಿಸಿ. ಕೆಳಗಿನಿಂದ ಅಂತ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಪೊರ್ಬುಗಳು ಹಾಸು ಮುಚ್ಚುತ್ತಿದ್ದರು, ಅವರು ಯಾರ ಮಾನವನ್ನೂ ಬೀದಿಗೆ ಹಾಕಿದವರಲ್ಲ. ಧರಣಪ್ಪನವರು ಎದ್ದು ಹೋಗುತ್ತಿದ್ದರು. ಬೀಡಿನ ಮದುವೆ ಆಗುತ್ತಿತ್ತು, ಹೆರಿಯಣ್ಣ ಹೆರಿಯಣ್ಣನಾಗಿಯೇ ಉಳಿಯುತ್ತಿದ್ದ. ಹೆರಿಯನೂ ಬಾಯಿ ತೆರೆದ. ಕೈಯಲ್ಲಿದ್ದ ಬಟ್ಟೆ ಕಂಡಿತು. ಯಾರೋ ಮೀನಿನ ಹೆಂಗಸು ಅಂದ ದಿನದ ಮಾತು ಮತ್ತೆ ನೆನಪಿಗೆ ಬಂತು. ಎಂಥ ಮಗ ನಾನು ಅಂತ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಒಳಗಿನಿಂದ," ಅಂದ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಅಬ್ಬಿಯ ಮೀನಿನ ಬುಟ್ಟಿಯಿಂದ. ಐದು ವರ್ಷದಿಂದ ಕದ್ದು ಕರ್ಕೊಂಡು ಹೋಗ್ತಿದ್ದೆ. ಕಾಲಡಿಯಲ್ಲಿ ಕೂರಿಸಿ."

ಧರಣಪ್ಪನವರು ಬೈಯಲಿಲ್ಲ. ಬೀಡಿನ ಹಿರೇಮಗಳೂ ಇದೇ ಕಾರಲ್ಲಿ ಹೋದಳಲ್ಲೋ ಅಂದರಂತೆ. ಕೊಡೆ ಬಿಡಿಸಿಕೊಂಡು ಹೊರಟುಹೋದರು. ಸಂಜೆಯೊಳಗೆ ಬೀಡಿನಿಂದ ಬೇರೆ ಊರಿನ ಕಾರಿಗೆ ಹೇಳಿಕಳಿಸಿಯಾಯಿತು. ಮರುದಿನ ಪೇಟೆಯ ಕಾರು ಸ್ಟ್ಯಾಂಡಿನಲ್ಲಿ ಹೆರಿಯನ ಕಾರಿಗೆ ಮೀನು ಕಾರು ಅಂತ ಹೆಸರು ಬಿತ್ತು. ಮಲ್ಲಿಗೆಯ ಬಾಡಿಗೆ ಆಮೇಲೆ ಅವನಿಗೆ ಬರಲೇ ಇಲ್ಲ ಅಂತಾರೆ. ಅದರ ಬಗ್ಗೆ ನಾಚಿಕೆ ಪಡಲು ಅವನಲ್ಲಿ ಜಾಗ ಉಳಿದಿರಲಿಲ್ಲ, ಆ ಸೀರೆಯ ತುಂಡುಗಳೇ ಸಾಕಾಗಿದ್ದವು.

ಪೊರ್ಬುಗಳು ಏಳು ದಿನ ಕೆಲಸ ಮಾಡಿದರು. ಡಿಕ್ಕಿಯ ಮೂಲೆಯನ್ನೇ ಬಿಚ್ಚಿ, ಬಿಳಿ ತಗಡು ಸಿಗುವವರೆಗೆ ಕೊಯ್ದು, ಸಂದಿಗೆ ಸಿಹಿನೀರು ಹೊಯ್ದು ಹೊಯ್ದು ಉಪ್ಪು ತೆಗೆದು, ಒಳಗೂ ಹೊರಗೂ ಎರಡೆರಡು ಕೈ ಬೆಸೆದರು. ನೀರು ನಿಲ್ಲದ ಹಾಗೆ ಮೂಲೆಯಲ್ಲಿ ಒಂದು ಕಿರುಬೆರಳಿನಷ್ಟು ತೂತು ಬಿಟ್ಟರು. ಇನ್ನು ಬುಟ್ಟಿ ಇಡು, ಏನೂ ಆಗುವುದಿಲ್ಲ ಅಂದರು.

ಎಂಟನೆಯ ದಿನ, ಹೊತ್ತೇರಿದ ಮೇಲೆ, ಕೇರಿಯವರೆಲ್ಲ ನೋಡುವಾಗ, ಹೆರಿಯ ಕಾರನ್ನು ಕಡಲ ಕರೆಗೆ ತಂದು ಅಬ್ಬಿಯ ಮುಂದೆ ನಿಲ್ಲಿಸಿದ. ಬುಟ್ಟಿಯನ್ನು ತಾನೇ ಎತ್ತಿ ಇಟ್ಟ. ಮುಂದಿನ ಬಾಗಿಲು ತೆಗೆದ. ಹತ್ತು ಅಬ್ಬಿ ಅಂದ.

ಬಚ್ಚಿ ಹತ್ತಲಿಲ್ಲ. ಆಚೆ ಈಚೆ ನೋಡಿದಳು. ಆಮೇಲೆ ತಲೆಯ ಸಿಂಬಿಯ ಬಟ್ಟೆ ಬಿಚ್ಚಿ, ಆ ಬಿಳಿ ಸೀಟಿನ ಮೇಲೆ ಹಾಸತೊಡಗಿದಳು. ಒಂದು ಮೂಲೆಯೂ ಬಿಡದ ಹಾಗೆ, ಅಂಗೈಯಿಂದ ಸವರಿ ಸವರಿ.

"ಬ್ಯಾಡ ಮಗಾ," ಅಂದಳು, "ಸೀಟ್ ಒದ್ದೆ ಆತ್ತ್. ವಾಸ್ನಿ ಬತ್ತ್."

ಹೆರಿಯ ಅಲ್ಲೇ, ಆ ಬಾಗಿಲ ಹತ್ತಿರ, ಮರಳಿನ ಮೇಲೆ ಕುಸಿದು ಕೂತು ಅತ್ತನಂತೆ. ಗಂಡಸು ಹಾಗೆ ಅಳುವುದನ್ನು ಕೇರಿಯವರು ಕಂಡಿರಲಿಲ್ಲ. ಆಮೇಲೆ ಎದ್ದು ಆ ಬಟ್ಟೆಯನ್ನು ತೆಗೆದು, ಮಡಚಿ, ತನ್ನ ಜೇಬಿಗೆ ಹಾಕಿಕೊಂಡು ಅಬ್ಬಿಯನ್ನು ಕೈ ಹಿಡಿದು ಕೂರಿಸಿದ. ಪೇಟೆಯ ನಟ್ಟನಡುವಿಗೆ ಹೋಗಿ ಇಳಿಸಿದ. ಅಂದಿನಿಂದ ಬಚ್ಚಿ ಸಾಯುವವರೆಗೂ ದಿನಾ ಹಾಗೇ ಹೋದಳು. ಆದರೆ ಸೀಟಿಗೆ ಒಂದು ದಿನವೂ ಬೆನ್ನು ತಾಗಿಸಿ ಕೂರಲಿಲ್ಲ ಅಂತಾರೆ, ಅಂಚಿನಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಕೂತ ಹಾಗೆ. ಅದನ್ನು ಸರಿಮಾಡುವ ಟಿಂಕರ್ ಯಾರಿದ್ದಾರೆ ಪೊರ್ಬುಗಳೇ ಅಂತ ಹೆರಿಯ ಒಮ್ಮೆ ಕೇಳಿದನಂತೆ. ಪೊರ್ಬುಗಳು ಸುತ್ತಿಗೆ ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತರಂತೆ.

ಪೊರ್ಬುಗಳು ಹೋದರು, ಹೆರಿಯನೂ ಹೋದ. ಚಪ್ಪರ ಇದ್ದ ಜಾಗದಲ್ಲಿ ಈಗ ಏನೂ ಇಲ್ಲ. ಆದರೆ ಆ ಕರಾವಳಿಯಲ್ಲಿ ಇವತ್ತಿಗೂ ಮಡ್‌ಗಾರ್ಡಿನ ತುಕ್ಕು ಕೊಯ್ದು ಹೊಸ ತಗಡು ಹಾಕಿಸಿದ ಗಾಡಿಯನ್ನು ಇನಾಸ ಪೊರ್ಬುಗಳ ಹೆಸರು ಹೇಳಿ ಮೊದಲು ಕಡಲ ಕರೆಗೇ ಒಯ್ಯುತ್ತಾರೆ. ಮೀನು ಮಾರುವ ಹಿರಿಯ ಹೆಂಗಸೊಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಪೇಟೆಗೆ ಬಿಡುತ್ತಾರೆ. ಅವರು ಏನಾದರೂ ಹಾಸಲು ಹೋದರೆ ಗಾಡಿಯ ಯಜಮಾನ ತನ್ನ ಕೈಯಾರೆ ತೆಗೆಯಬೇಕು. ಆಮೇಲೆಯೇ ಗಾಡಿ ಮನೆಗೆ. ಮನೆಯ ಹೆಂಗಸರು ಅಂಗಳಕ್ಕೆ ಇಳಿದು ಬಂದು, ಗಾಡಿಯ ಹೊಸ ಬಣ್ಣ ನೋಡುವ ಮೊದಲು ಮುಂದಿನ ಸೀಟಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ಸೀಟು ಒಣಗಿದ್ದರೆ ಗಾಡಿಯನ್ನು ಒಳಗೆ ಬಿಡುವುದಿಲ್ಲ, ತಿರುಗಿಸಿ ಮತ್ತೆ ಕಡಲಿಗೆ ಕಳಿಸುತ್ತಾರೆ.